ಗಡ್ಡಿಗೆ ಬರಿಗಾಲಲ್ಲಿ ಹೋಗುತ್ತಿದ್ದಾತ

ಸಕ್ಕರೆ ಕಾಯಿಲೆ ಆತನನ್ನು ಒಯ್ದಿತು ಅಂತ ಊರಲ್ಲಿ ಹೇಳುತ್ತಾರೆ. ಹೇಳಲಿ. ಆತನನ್ನು ಕೊಂದದ್ದು ಒಂದು ಮುಳ್ಳು. ಆ ಮುಳ್ಳಿನ ಬೀಜ ಹೊಳೆಯ ನಡುವಿನ ಗಡ್ಡಿಗೆ ಹೋದದ್ದು ನನ್ನ ಆಡುಗಳ ಹಿಕ್ಕೆಯಲ್ಲಿ. ಹಿಕ್ಕೆಯನ್ನು ಚೀಲಕ್ಕೆ ತುಂಬಿ ಕೊಟ್ಟವಳು ನಾನು. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಹೇಳುವುದು ಸಲೀಸು.

ಆತ ರಾರಾವಿಯವನು. ನಮ್ಮ ದೇಶನೂರಿನ ಕಾಲುವೆಗೆ ಲಸ್ಕರ್ ಆಗಿ ಬಂದ. ಲಸ್ಕರ್ ಎಂದರೆ ತೂಬಿನ ಬಾಗಿಲು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಬಿಡುವವನು. ಅಂಥ ಕೆಲಸದವನ ಮೇಲೆ ಊರಿಗೆಲ್ಲ ಸಿಟ್ಟಿರುತ್ತದೆ, ಯಾಕೆಂದರೆ ನೀರು ಯಾರಿಗೂ ಸಾಕಾಗುವುದಿಲ್ಲ. ನನ್ನ ಗಂಡ ಬದುಕಿದ್ದಾಗ ಒಮ್ಮೆ ಸಲಿಕೆ ಎತ್ತಿಕೊಂಡು ತೂಬಿನ ಹತ್ತಿರ ಹೋಗಿದ್ದರು. ಆತ ಕೂತಲ್ಲಿಂದ ಏಳಲಿಲ್ಲವಂತೆ. "ಮಾವಾ, ಹೊಡಿಯೂದಿದ್ರ ಹೊಡಿ. ಆದ್ರ ಈ ಕಡಿಗಿಂದ ಬಂದು ಹೊಡಿ, ಆ ಕಡಿಗೆ ಸಸಿ ಹಚ್ಚೀನಿ, ತುಳದೀಯ," ಅಂದನಂತೆ. ಗಂಡ ನಗುತ್ತ ಮನೆಗೆ ಬಂದರು. ನೀರು ಮಾತ್ರ ಬರಲಿಲ್ಲ.

ನಾನು ಆತನನ್ನು ಅಣ್ಣಾ ಅನ್ನುತ್ತಿದ್ದೆ, ಆತ ನನ್ನನ್ನು ಯಕ್ಕಾ ಅನ್ನುತ್ತಿದ್ದ. ಇಬ್ಬರಲ್ಲಿ ಯಾರು ದೊಡ್ಡವರು ಅನ್ನುವುದು ಕೊನೆಯವರೆಗೂ ತೀರ್ಮಾನ ಆಗಲಿಲ್ಲ.

"ಯಕ್ಕಾ ಅನಬ್ಯಾಡ, ನಿನಗಿಂತ ನಾ ಸಣ್ಣಾಕಿ."

"ಹಂಗಾದ್ರ ನಿನ್ನ ಹಲ್ಲು ಎಲ್ಲಿಗಿ ಹೋದುವು? ತವರಮನಿಗಿ ಹೋಗ್ಯಾವೇನು?"

ನಮ್ಮೂರ ಮುಂದೆ ತುಂಗಭದ್ರೆಯ ಒಡಲಲ್ಲಿ ಒಂದು ನಡುಗಡ್ಡೆ ಇದೆ. ನಾವು ಅದನ್ನು ಗಡ್ಡಿ ಅನ್ನುತ್ತೇವೆ. ಅಣೆಕಟ್ಟಿನಿಂದ ನೀರು ಬಿಟ್ಟಾಗ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಮೊಳಕಾಲುದ್ದ ನೀರಿನಲ್ಲಿ ನಡೆದು ಹೋಗಬಹುದು. ಹೊಳೆ ಬಂದು ಮೊದಲು ಬಡಿಯುವ ತುದಿಗೆ ಗಡ್ಡಿಯ ಮೂಗು ಅಂತ ಹೆಸರು. ಅಲ್ಲಿ ಹೊಳೆಮತ್ತಿ ಮರಗಳು ಸಾಲಾಗಿ ಇದ್ದವು. ಅವುಗಳ ಬೇರು ಮಣ್ಣನ್ನು ಹಿಡಿದುಕೊಂಡಿತ್ತು. ಊರವರು ಬಾಗಿಲಿಗೆ, ತೊಲೆಗೆ ಅಂತ ಒಂದೊಂದಾಗಿ ಕಡಿದರು. ನನ್ನ ಮನೆಯ ಹೊಸ್ತಿಲೂ ಅದೇ ಮರದ್ದು. ಮರ ಹೋದ ಮೇಲೆ ಹೊಳೆ ಪ್ರತಿ ವರ್ಷ ಮೂಗನ್ನು ಕಚ್ಚುತ್ತ ಬಂತು. ಇದನ್ನು ನಾವೆಲ್ಲ ನೋಡಿದೆವು. ನೋಡಿ ನಿದ್ದೆ ಕೆಡಿಸಿಕೊಂಡವನು ಆತ ಒಬ್ಬನೇ.

"ಗಡ್ಡಿ ಇರೂತನಕ ಹೊಳಿ ಅದನ್ನ ತಿಂತೈತಿ. ಅದು ತೀರಿತಂದ್ರ ಮುಂದಿನ ತುತ್ತು ನಿನ್ನ ಆಡಿನ ದೊಡ್ಡಿ," ಅನ್ನುತ್ತಿದ್ದ.

ನಿವೃತ್ತಿ ಆದಾಗ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿದ್ದ ಆತನ ಮಗಳು ಬಂದು ಕರೆದುಕೊಂಡು ಹೋದಳು. ಹೆಂಡತಿ ತೀರಿ ಬಹಳ ವರ್ಷ ಆಗಿತ್ತು, ಮಗಳು ಒಬ್ಬಳೇ. ಐದನೇ ದಿನಕ್ಕೆ ಆತ ಸಿರುಗುಪ್ಪದ ಬಸ್ಸಿನಿಂದ ಇಳಿದು ವಾಪಸು ಬಂದ. ಯಾಕೆ ಅಂತ ಕೇಳಿದರೆ, "ಅಲ್ಲಿ ನೀರು ಪೈಪಿನ್ಯಾಗ ಬರತೈತಿ. ನನಗೇನು ಕೆಲಸ?" ಅಂದ. ಹಳೆಯ ಬಾಡಿಗೆ ಕೋಣೆಯಲ್ಲೇ ಉಳಿದ. ನನ್ನ ದೊಡ್ಡಿಯ ಹಿಂದೆ ಕಾಲುವೆಯಿಂದ ಜಿನುಗಿದ ನೀರು ನಿಲ್ಲುವ ಮೂಲೆಯೊಂದಿತ್ತು. ಅದನ್ನು ಕೇಳಿದ. ಕೊಟ್ಟೆ. ಅಲ್ಲಿ ಬೇರೇನೂ ಬೆಳೆಯುತ್ತಿರಲಿಲ್ಲ.

ಆ ಮೂಲೆಯಲ್ಲಿ ಆತ ಗಡ್ಡಿಯ ಗಿಡಗಳ ಸಸಿ ಮಾಡಲು ಕೂತ. ಗಡ್ಡಿಯ ಗಿಡ ಮಾತ್ರ. ಊರಲ್ಲಿ ಯಾರೋ ಬೇವಿನ ಸಸಿ ತಂದುಕೊಟ್ಟರೆ ತಿರುಗಿಸಿ ಕಳಿಸಿದ. ಹೊರಗಿನ ಗಿಡ ಎರಡು ಸಲ ಮುಳುಗಿದರೆ ಸಾಯುತ್ತದೆ, ಗಡ್ಡಿಯದ್ದಾದರೆ ಮುಳುಗುವುದನ್ನು ಹೊಟ್ಟೆಯಲ್ಲೇ ಕಲಿತು ಬಂದಿರುತ್ತದೆ ಎಂಬುದು ಆತನ ಮಾತು. ಹಾಲಿನ ಪಾಕೀಟುಗಳನ್ನು ಊರೆಲ್ಲ ಸುತ್ತಿ ಆರಿಸಿ ತಂದು, ತೊಳೆದು, ಬುಡಕ್ಕೆ ಮೊಳೆಯಿಂದ ತೂತು ಮಾಡಿ, ಗಡ್ಡಿಯ ಮರಳು ಮಣ್ಣನ್ನೇ ತುಂಬುತ್ತಿದ್ದ. ನೇರಳೆ ಬೀಜವನ್ನು ಹಣ್ಣು ತಿಂದ ದಿನವೇ ಊರುತ್ತಿದ್ದ, ಒಣಗಿತೆಂದರೆ ಅದು ಸತ್ತಂತೆ. ನೀರುಕಣಗಿಲಿನ ಕಡ್ಡಿಯನ್ನು ಒದ್ದೆ ಮರಳಿನಲ್ಲಿ ಚುಚ್ಚಿಟ್ಟರೆ ಬೇರು ಬಿಡುತ್ತಿತ್ತು. ಹೊಳೆಮತ್ತಿಯದು ಮಾತ್ರ ತಪಸ್ಸು. ರೆಕ್ಕೆ ರೆಕ್ಕೆಯ ಆ ಕಾಯಿಯನ್ನು ನೀರಿನಲ್ಲಿ ನೆನೆಸಿ, ಊರಿ, ಎರಡು ತಿಂಗಳು ಕಾಯಬೇಕು. ನೂರು ಇಟ್ಟರೆ ಎಷ್ಟು ಎದ್ದಾವು ಅಂತ ಹೇಳಲಾಗದು. ದಿನಾ ಬೆಳಿಗ್ಗೆ ಬಂದು ಬಗ್ಗಿ ನೋಡಿ, "ಇನ್ನೂ ಮಲಗ್ಯಾವ," ಅಂತ ಹೋಗುತ್ತಿದ್ದ.

ಎಲ್ಲ ಬೀಜವನ್ನೂ ಮೊದಲು ಬಕೆಟ್ಟಿನ ನೀರಿಗೆ ಹಾಕುವುದು ಆತನ ಪದ್ಧತಿ. ಜೊಳ್ಳು ಮೇಲೆ ಬರುತ್ತದೆ, ಗಟ್ಟಿಯದು ತಳಕ್ಕೆ ಹೋಗುತ್ತದೆ. ಮೇಲೆ ಬಂದದ್ದನ್ನು ಅಂಗೈಯಿಂದ ಸರಿಸಿ ಚೆಲ್ಲುತ್ತ, "ಮುಳುಗಿದ್ದು ಬದುಕತೈತಿ, ತೇಲಿದ್ದು ಸಾಯತೈತಿ," ಅನ್ನುತ್ತಿದ್ದ. ಹೊಳೆದಂಡೆಯ ಊರಲ್ಲಿ ಇಂಥ ಮಾತು ಆಡಬಾರದು ಅಂತ ನಾನು ಬೈದೆ. ಆತ ನಕ್ಕ.

ಇನ್ನೊಂದು ಪದ್ಧತಿ ಇತ್ತು. ಗಡ್ಡಿಗೆ ಹೋಗುವಾಗ ಚಪ್ಪಲಿಯನ್ನು ದಂಡೆಯಲ್ಲೇ ಬಿಡುತ್ತಿದ್ದ. ದೇವರಿದ್ದಾನೆ ಅಂತಲ್ಲ. ಚಪ್ಪಲಿಯ ಅಟ್ಟೆಯ ಸಂದಿಯಲ್ಲಿ ಹೊರಗಿನ ಬೀಜ ಕೂತು ಬರುತ್ತದೆ ಅಂತ. ಪಂಚೆ ಝಾಡಿಸಿ, ಅಂಟಿದ ಮುಳ್ಳುಬೀಜ ಕಿತ್ತು, ಕಾಲು ತೊಳೆದು ಆಮೇಲೆ ನೀರಿಗೆ ಇಳಿಯುವುದು. ಬೇರೆ ಯಾವ ಬೀಜಕ್ಕಿಂತ ಬಳ್ಳಾರಿ ಜಾಲಿಯ ಹೆದರಿಕೆ ಆತನಿಗೆ ಹೆಚ್ಚು. ನಮ್ಮ ಸೀಮೆಯ ಹೆಸರು ಹೊತ್ತ ಆ ಮುಳ್ಳುಕಂಟಿ ಎಲ್ಲಿಂದ ಬಂದದ್ದೋ, ಹೊಲ, ಕೆರೆಯಂಗಳ, ರಸ್ತೆಯ ಬದಿ ಎಲ್ಲ ನುಂಗಿದೆ. ಕಡಿದರೆ ಒಂದಕ್ಕೆ ಹತ್ತಾಗಿ ಚಿಗುರುತ್ತದೆ. ಗಡ್ಡಿಯಲ್ಲಿ ಮಾತ್ರ ಅದು ಇರಲಿಲ್ಲ. ಒಂದೂ ಇರಲಿಲ್ಲ.

"ಅದೂ ಗಿಡನ ಬಿಡು ಅಣ್ಣಾ. ಮಣ್ಣು ಹಿಡಿತೈತಿ, ಉರಿಯಾಕ ಕಟಿಗಿ ಕೊಡತೈತಿ," ಅಂದೆ ಒಮ್ಮೆ.

"ಅದರ ಬುಡದಾಗ ಮತ್ತೊಂದು ಬೀಜ ಕಣ್ಣು ತೆರಿಯಂಗಿಲ್ಲ ಯಕ್ಕಾ. ಅದು ಬಂದ್ರ ನನ್ನ ಹೊಳಿಮತ್ತಿ ಮುಗೀತು."

ಮೂಗಿನ ಹಿಂದಿನ ಸಾಲಿಗೆ ಆತನಿಗೆ ಕರಿಜಾಲಿ ಬೇಕಾಗಿತ್ತು. ಅದು ನಮ್ಮ ಹಳೆಯ ಜಾಲಿ, ಗಡ್ಡಿಯಲ್ಲಿ ಮೊದಲಿಂದ ಇದ್ದದ್ದು. ಅದರ ಬೀಜದ ಸಿಪ್ಪೆ ಕಲ್ಲಿದ್ದಂತೆ, ಹಾಗೇ ಊರಿದರೆ ವರ್ಷಗಟ್ಟಲೆ ಸುಮ್ಮನೆ ಬಿದ್ದಿರುತ್ತದೆ. ಆಡು ಕಾಯಿ ತಿಂದು, ಅದರ ಹೊಟ್ಟೆ ಹೊಕ್ಕು ಬಂದ ಬೀಜ ಎಂಟು ದಿನಕ್ಕೆ ಮೊಳೆಯುತ್ತದೆ. ಇದು ನನಗೂ ಗೊತ್ತಿತ್ತು, ದೊಡ್ಡಿ ಗುಡಿಸುವ ಯಾವ ಹೆಂಗಸಿಗೂ ಗೊತ್ತು. ಗಡ್ಡಿಯ ಕರಿಜಾಲಿ ಕಾಯಿಯ ಚೀಲವೊಂದನ್ನು ಆತ ನನ್ನ ಹೊಸ್ತಿಲಿಗೆ ತಂದಿಟ್ಟ.

ಕಾರಹುಣ್ಣಿಮೆ ಹತ್ತಿರ ಬಂದಿತ್ತು. ನನ್ನ ಆಡುಗಳು ಆಗಷ್ಟೇ ಕುರುಗೋಡಿನಿಂದ ಬಂದಿದ್ದವು. ನಮ್ಮಲ್ಲಿ ಎತ್ತ ನೋಡಿದರೂ ಭತ್ತದ ಗದ್ದೆ, ಬೇಸಿಗೆಯಲ್ಲಿ ಆಡಿಗೆ ಮೇವಿಲ್ಲ. ಅದಕ್ಕೆ ಕುರುಗೋಡಿಗೆ ಕೊಟ್ಟ ನನ್ನ ಮಗಳ ಮನೆಗೆ ಹೊಡೆದು ಕಳಿಸುತ್ತೇನೆ. ಅಲ್ಲಿ ಗುಡ್ಡದ ಬುಡದಲ್ಲಿ ಬಳ್ಳಾರಿ ಜಾಲಿಯ ಹಳದಿ ಕಾಯಿ ನೆಲದ ತುಂಬ ಬಿದ್ದಿರುತ್ತದೆ. ಸಿಹಿಕಾಯಿ. ಆಡುಗಳು ತಿಂದು ಉಬ್ಬಿಕೊಂಡು ಬರುತ್ತವೆ.

ಆತನಿಗೂ ಅದು ಗೊತ್ತಿತ್ತು. ಬೆರಳು ಎಣಿಸಿ ಹೇಳಿದ: "ಯಕ್ಕಾ, ನಾಕು ದಿನ ಆಡು ಕಟ್ಟಿಹಾಕು, ಹಸಿಮೇವು ಹಾಕು. ನಾಕೂ ದಿನದ ಹಿಕ್ಕಿ ಹೊರಗ ಚೆಲ್ಲು, ಒಂದೂ ಇಟ್ಟುಕೋಬ್ಯಾಡ. ಐದನೇ ದಿನ ದೊಡ್ಡಿ ಗುಡಿಸಿ ಗಡ್ಡಿ ಕಾಯಿ ಹಾಕು. ಆಮ್ಯಾಲೆ ಬಿದ್ದದ್ದು ನನಗ ಕೊಡು."

ಆಗಲಿ ಅಂದೆ.

ಹಿಕ್ಕೆ ಚೆಲ್ಲು ಅಂದರೆ ನನ್ನಂಥವಳಿಗೆ ಅನ್ನ ಚೆಲ್ಲು ಅಂದಂತೆ. "ಹಿಕ್ಕಿ ಚೆಲ್ಲಿದಾಕಿ ಹಿಟ್ಟು ಚೆಲ್ಲತಾಳ," ಅಂತ ನನ್ನ ಅತ್ತೆ ಹೇಳಿ ಹೇಳಿ ಬೆಳೆಸಿದ್ದಳು. ದೊಡ್ಡಿಯ ಮೂಲೆಯ ರಾಶಿಗೆ ಸೇರಿಸದೆ ಒಂದು ಬುಟ್ಟಿಯನ್ನೂ ನಾನು ಹುಟ್ಟಿದಾಗಿನಿಂದ ಚೆಲ್ಲಿದವಳಲ್ಲ. ನಾಲ್ಕು ದಿನದ್ದನ್ನು ಗುಡಿಸಿ ಬದಿಗೆ ಇಟ್ಟೆ, ಇರಲಿ ಅಂತ. ಐದನೇ ದಿನದಿಂದ ಕಾಯಿ ಹಾಕಿದೆ. ಕೊನೆಗೆ ನೋಡಿದರೆ ಚೀಲ ಅರ್ಧವೇ ಆಯಿತು. ಅರ್ಧ ಚೀಲ ಕೊಟ್ಟರೆ ಏನು ಚೆಂದ ಅಂತ ಬದಿಗಿಟ್ಟದ್ದನ್ನೂ ಬಾಚಿ ತುಂಬಿದೆ.

"ನಾಕು ದಿನದ್ದು ಚೆಲ್ಲಿದೇನು?"

"ಚೆಲ್ಲಿದೆ."

ಎರಡನೇ ಸಲ ಆತ ಕೇಳಲಿಲ್ಲ. ಜೀವಮಾನ ಪೂರ್ತಿ ನೀರಿನ ಸುಳ್ಳು ಕೇಳಿದವನು, ನನ್ನ ಮಾತು ನಂಬಿದ.

ಸಸಿಗಳು ಚೆಂದ ಎದ್ದವು. ಆಗ ಆತನ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಸಸಿಗಳಿಗೆ ಕೊಡದಿಂದ ನೀರು ಹಾಕುತ್ತಿದ್ದವಳು ನಾನು. ಗೇಣುದ್ದ ಬಂದಾಗ ನನಗೆ ಕಂಡಿತು. ಕರಿಜಾಲಿಯ ಎಲೆ ಸಣ್ಣ, ಒತ್ತೊತ್ತು. ನಡುನಡುವೆ ಕೆಲವು ಪಾಕೀಟುಗಳಲ್ಲಿ ಎಲೆ ಉದ್ದ, ಬಿಡಿಬಿಡಿ. ಅವು ಬೇರೆಯವಕ್ಕಿಂತ ಬೇಗ ಬೆಳೆಯುತ್ತಿದ್ದವು. ಒಂದನ್ನು ಕಿತ್ತು ಹಾಕಿದೆ. ಇನ್ನೊಂದು ಕೀಳುವಷ್ಟರಲ್ಲಿ ಆತ ಬಂದ. "ಏನು ಮಾಡಾಕ ಹತ್ತಿ?" ಅಂದ. "ಕಳೆ ತೆಗಿಯಾಕ ಹತ್ತೀನಿ," ಅಂದು ಎದ್ದೆ. ಎಷ್ಟು ಕಿತ್ತರೂ ಗೊತ್ತಾಗುತ್ತದೆ, ಪಾಕೀಟನ್ನೆಲ್ಲ ಆತ ಬೆರಳಿನಿಂದ ಮುಟ್ಟಿ ಎಣಿಸುತ್ತಿದ್ದ. ಹೊಳೆ ಬಂದರೆ ಹೊರಗಿನವು ತಾವೇ ಸಾಯುತ್ತವೆ ಅಂತ ಆತನ ಮಾತನ್ನೇ ನೆನೆದು ಸುಮ್ಮನಾದೆ. ಕಾರ್ತಿಕದಲ್ಲಿ ನೀರು ಇಳಿದ ಮೇಲೆ ಆತ ಅವನ್ನೆಲ್ಲ ಒಯ್ದು ಗಡ್ಡಿಯಲ್ಲಿ ನೆಟ್ಟ. ನನ್ನ ತಲೆಯ ಮೇಲೂ ಒಂದು ಬುಟ್ಟಿ ಇತ್ತು.

ಮುಂದಿನ ವರ್ಷ ಹೊಳೆ ಬಂತು. ಹೊಳೆಮತ್ತಿ ಸಸಿ ಸುಮಾರು ಹೋದವು, ಕೆಲವು ಉಳಿದವು. ಉದ್ದ ಎಲೆಯವು ಒಂದೂ ಸಾಯಲಿಲ್ಲ.

ಆತನ ಮಗಳು ಬಳ್ಳಾರಿಯಲ್ಲಿ ಕಣ್ಣಿನ ಆಪರೇಷನ್ ಮಾಡಿಸಿದಳು. ಕಪ್ಪು ಕನ್ನಡಕ ಹಾಕಿಕೊಂಡು ಬಂದವನು ಮಾರನೇ ದಿನವೇ ಗಡ್ಡಿಗೆ ಹೋದ. ನಾನೂ ಹಿಂದೆ ಹೋದೆ. ಹೋಗದೆ ಇರಲು ಆಗಲಿಲ್ಲ. ಆತ ಸಾಲಿನ ನಡುವೆ ನಿಂತಿದ್ದ. ಎದೆಯೆತ್ತರದ ಒಂದು ಗಿಡದ ಎಲೆ ಹಿಡಿದುಕೊಂಡು ಬಹಳ ಹೊತ್ತು ನೋಡಿದ. ನನ್ನ ಕಡೆ ತಿರುಗಲಿಲ್ಲ.

"ಯಕ್ಕಾ, ಈ ಗಿಡ ಕುರುಗೋಡು ಮಾತಾಡತೈತಲ್ಲ," ಅಂದ.

"ಹೊಳ್ಯಾಗ ತೇಲಿಕೊಂಡು ಬಂದಿರಬೇಕು," ಅಂದೆ.

"ಹೌದು. ಹೊಳ್ಯಾಗ ಬಂದಿರಬೇಕು. ಸಾಲು ಹಿಡದು ಬಂದೈತಿ ನೋಡು."

ಅಷ್ಟೇ. ಆಮೇಲೆ ಆ ಮಾತು ಎತ್ತಲಿಲ್ಲ. ಬೈದಿದ್ದರೆ ನಾನೂ ಬೈದು ಮುಗಿಸುತ್ತಿದ್ದೆ. ಬೈಯದ ಮನುಷ್ಯನ ಜೊತೆ ಏನು ಮಾಡಲಿಕ್ಕಾಗುತ್ತದೆ? ಪ್ರತಿ ಬೆಳಿಗ್ಗೆ ಹಾರೆ, ಕುಡುಗೋಲು ಹಿಡಿದು ನನ್ನ ದೊಡ್ಡಿಯ ಮುಂದಿನಿಂದಲೇ ಹೋಗುತ್ತಿದ್ದ. "ಚಹಾ ಕುಡದು ಹೋಗು," ಅಂದರೆ ಕುಡಿಯುತ್ತಿದ್ದ. ಹಲ್ಲಿನ ಜೋಕು ಮಾಡುತ್ತಿದ್ದ. ಸಂಜೆ ಕೈಯೆಲ್ಲ ಗೀರಿಕೊಂಡು ಬರುತ್ತಿದ್ದ. ಆ ಗಿಡದ ಬುಡದಲ್ಲಿ ಮಣ್ಣೊಳಗೆ ಒಂದು ಗಂಟು ಇರುತ್ತದೆ, ಅದು ಬರುವ ತನಕ ಅಗೆಯಬೇಕು, ಇಲ್ಲದಿದ್ದರೆ ಮತ್ತೆ ಬರುತ್ತದೆ. ಒಂದು ಗಂಟಿಗೆ ಅರ್ಧ ದಿನ. ಆತ ಹತ್ತು ಕಿತ್ತರೆ ಹೊಳೆ ಇಳಿದ ಮೇಲೆ ಒಳಗುಳಿದ ಗಂಟಿನ ತುಂಡುಗಳಿಂದ ಇಪ್ಪತ್ತು ಎದ್ದಿರುತ್ತಿದ್ದವು. ಮೂರನೇ ವರ್ಷಕ್ಕೆ ಅವು ಕಾಯಿ ಬಿಟ್ಟವು. ಅದನ್ನು ಹೇಳುವಾಗ ಆತನ ದನಿ ಸಣ್ಣದಾಗಿತ್ತು.

ಆಗಲೂ ಚಪ್ಪಲಿ ದಂಡೆಯಲ್ಲೇ.

"ಮುಳ್ಳಿನ್ಯಾಗ ಬರಿಗಾಲಿಲೆ ಅಡ್ಡಾಡತಿಯಲ್ಲ, ನಿನಗ ಬುದ್ಧಿ ಐತೇನು?"

"ಇನ್ನೊಂದು ಬೀಜ ನಾ ಒಯ್ಯಂಗಿಲ್ಲ ಯಕ್ಕಾ."

ನಾ ಅನ್ನುವುದನ್ನು ಒತ್ತಿ ಹೇಳಿದನೋ, ನನಗೆ ಹಾಗೆ ಕೇಳಿಸಿತೋ ಗೊತ್ತಿಲ್ಲ.

ಈ ಬೇಸಿಗೆಯಲ್ಲಿ ಒಂದು ದಿನ ಚಹಾಕ್ಕೆ ಬಂದು ಕಟ್ಟೆಯ ಮೇಲೆ ಕೂತಿದ್ದ. ಕಾಲು ಇಳಿಬಿಟ್ಟಿದ್ದ. ಎಡಗಾಲಿನ ಹಿಮ್ಮಡಿಗೆ ಇರುವೆ ಮುತ್ತಿದ್ದವು, ಕಟ್ಟೆಯಿಂದ ಕಾಲಿನವರೆಗೆ ಸಾಲು ಹಚ್ಚಿದ್ದವು. ಆತ ಬಸಿ ಎತ್ತಿ ಚಹಾ ಹೀರುತ್ತ ಹೊಳೆಮತ್ತಿ ಕಾಯಿಯ ಮಾತು ಆಡುತ್ತಿದ್ದ.

"ಅಣ್ಣಾ, ಕಾಲು ನೋಡಿಕೋ."

"ಏನಾತು?" ಅಂತ ಬಗ್ಗಿದ. ಏನೂ ಗೊತ್ತೇ ಆಗಿರಲಿಲ್ಲ. ಸಕ್ಕರೆ ಕಾಯಿಲೆಯಿಂದ ಅಂಗಾಲು ಮರಗಟ್ಟಿ ಎಷ್ಟು ದಿನ ಆಗಿತ್ತೋ.

ನೀರು ಹಾಕಿ ತೊಳೆದೆ. ಪಿನ್ನಿನಿಂದ ಕೆದಕಿದೆ. ಕಪ್ಪು ನೀರು ಬಂತು, ವಾಸನೆ ಬಂತು, ಆತ ಹಾ ಅನ್ನಲಿಲ್ಲ. ಮುರಿದ ಮುಳ್ಳು ಬೆರಳ ಎರಡು ಗೆಣ್ಣಿನಷ್ಟು ಹೊರಗೆ ಬಂತು, ತುದಿ ಒಳಗೇ ಉಳಿಯಿತು. ಅಂಗೈ ಮೇಲೆ ಇಟ್ಟುಕೊಂಡು ಇಬ್ಬರೂ ನೋಡಿದೆವು. ಯಾವ ಮುಳ್ಳು ಅಂತ ಇಬ್ಬರಿಗೂ ಕೇಳುವ ಅಗತ್ಯ ಇರಲಿಲ್ಲ.

"ಇವತ್ತೇ ಬಳ್ಳಾರಿಗಿ ನಡಿ," ಅಂದೆ.

"ಮತ್ತಿ ಕಾಯಿ ಈಗ ಉದುರಾಕ ಹತ್ಯಾವ. ನಾಕು ದಿನ ತಡಿ. ಮಗಳಿಗಿ ಹೇಳಬ್ಯಾಡ."

ಮತ್ತೆ ನಾಲ್ಕು ದಿನ. ನಾನು ತಡೆದೆ. ಹೇಳಬಾರದ ಮಾತನ್ನು ಹೇಳದೆ ಇಟ್ಟುಕೊಳ್ಳುವುದು ನನಗೆ ರೂಢಿಯಾಗಿಬಿಟ್ಟಿತ್ತು. ಐದನೇ ದಿನ ಕೋಣೆಯ ಬಾಗಿಲು ತೆರೆಯದಿದ್ದಾಗ ನನ್ನ ಮಗನನ್ನು ಕರೆದು ತಳ್ಳಿಸಿದೆ. ಮೈ ಒಲೆಯಂತೆ ಸುಡುತ್ತಿತ್ತು. ತಲೆದಿಂಬಿನ ಹತ್ತಿರ ಆರಿಸಿದ ಕಾಯಿಯ ಗಂಟು ಇತ್ತು.

ಬಳ್ಳಾರಿಯಲ್ಲಿ ಮೊದಲು ಹಿಮ್ಮಡಿ ಕೊಯ್ದರು, ಆಮೇಲೆ ಪಾದ, ಆಮೇಲೆ ಮೊಳಕಾಲಿನವರೆಗೆ. ಮಗಳ ಮನೆಗೆ ತಂದ ಮೇಲೆ ನಾನು ಸತ್ಯನಾರಾಯಣಪೇಟೆಗೆ ಹೋದೆ. ಮಗಳು ಬಾಗಿಲಲ್ಲೇ, "ನೋಡ್ರಿ ಅತ್ತಿ, ಗಡ್ಡಿ ಗಡ್ಡಿ ಅಂತ ಕಾಲು ಅದಕ್ಕ ಕೊಟ್ಟು ಬಂದಾನ," ಅಂತ ಅತ್ತಳು.

ಆತ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ. ಹೊದಿಕೆ ಒಂದು ಕಡೆ ಚಪ್ಪಟೆಯಾಗಿ ಬಿದ್ದಿತ್ತು. ಮುಖದಲ್ಲಿ ಎಲುಬು ಬಿಟ್ಟರೆ ಏನೂ ಇರಲಿಲ್ಲ.

"ಮತ್ತಿ ಎದ್ದುವೇನು?"

"ಇನ್ನೂ ಮಲಗ್ಯಾವ," ಅಂದೆ. ಆ ಗಂಟಿನ ಕಾಯಿಯನ್ನು ಬಕೆಟ್ಟಿಗೆ ಹಾಕಿ, ಮುಳುಗಿದ್ದನ್ನೇ ಆರಿಸಿ ಊರಿದ್ದೆ. ಅದನ್ನು ಹೇಳಿದೆ. ತಲೆ ಆಡಿಸಿದ.

ಮಗಳು ಒಳಗೆ ಹೋದಳು. ಈಗ ಹೇಳದಿದ್ದರೆ ಇಲ್ಲ ಅನ್ನಿಸಿತು. "ಅಣ್ಣಾ, ಆ ಹಿಕ್ಕಿ ಚೀಲ…" ಅಂದೆ.

ಆತ ಕೈ ಎತ್ತಿದ. ತೂಬಿನ ಮೇಲೆ ಕೂತು ಜಗಳಗಂಟರಿಗೆ ತೋರಿಸುತ್ತಿದ್ದ ಅದೇ ಕೈ. "ಹಿಕ್ಕಿ ಚೆಲ್ಲಾಕ ಬರೂದಿಲ್ಲ ನಿನಗ. ಮಾವ ಇದ್ದಾಗಿಂದ ನೋಡೀನಿ. ಅಂಥಾಕಿಗಿ ಚೆಲ್ಲು ಅಂತ ಹೇಳಿದ್ದು ನನ್ನ ತಪ್ಪು."

ಕ್ಷಮಿಸಿದ ಅಂತ ಕೇಳಿದವರು ಅಂದುಕೊಳ್ಳಬಹುದು. ನಾನು ಅಂದುಕೊಳ್ಳುವುದಿಲ್ಲ. ಆತನ ಕಣ್ಣು ನನ್ನ ಮೇಲಿರಲಿಲ್ಲ, ಕಿಟಕಿಯ ಹೊರಗೆ ಖಾಲಿ ಜಾಗದಲ್ಲಿ ಬೆಳೆದಿದ್ದ ಬಳ್ಳಾರಿ ಜಾಲಿಯ ಮೇಲಿತ್ತು. "ಈ ವರ್ಷ ಆಡು ಬಂದುವೇನು?" ಅಂತ ಕೇಳಿದ.

"ಮುಂದಿನ ವಾರ ಬರತಾವ."

"ಹೂಂ," ಅಂದ. ಆತನ ಬಾಯಿಂದ ನಾನು ಕೇಳಿದ ಕೊನೆಯದು ಆ ಹೂಂ.

ಎಂಟನೇ ದಿನ ಮಗಳ ಫೋನು ಬಂತು. ಬಳ್ಳಾರಿಯಲ್ಲೇ ಮಣ್ಣು ಮಾಡಿದರು. ನಾನು ಒಂದು ಹಿಡಿ ಹಾಕಿದೆ. ಗಡ್ಡಿಯ ಮಣ್ಣು ಒಯ್ಯಬೇಕಿತ್ತು ಅಂತ ನಮ್ಮೂರಿಂದ ಬಂದವರೊಬ್ಬರು ಅಂದರು. ಅದರಲ್ಲಿ ಯಾವ ಬೀಜ ಇರುತ್ತದೋ ಯಾರಿಗೆ ಗೊತ್ತು ಅಂತ ನಾನು ಅಂದೆ. ಸಂಜೆಯ ಬಸ್ಸಿಗೆ ಸಿರುಗುಪ್ಪಕ್ಕೆ ಬಂದು ಊರು ಸೇರಿದೆ. ಆಡುಗಳು ಆ ದಿನವೇ ಕುರುಗೋಡಿನಿಂದ ಬಂದು ದೊಡ್ಡಿಯಲ್ಲಿ ನಿಂತಿದ್ದವು, ಹೊಟ್ಟೆ ಉಬ್ಬಿಕೊಂಡಿದ್ದವು.

ಮರುದಿನ ಬೆಳಿಗ್ಗೆ ಎದ್ದು ದೊಡ್ಡಿ ಗುಡಿಸಿದೆ. ಹಿಕ್ಕೆಯನ್ನೆಲ್ಲ ಬಾಚಿ ಅಂಗಳದ ನೀರೊಲೆಗೆ ಸುರಿದು ಬೆಂಕಿ ಹಚ್ಚಿದೆ. ಸೊಸೆ ಓಡಿ ಬಂದು, "ಅತ್ತಿ, ಗೊಬ್ಬರ ಸುಡತಿಯಲ್ಲ! ತಲಿ ಕೆಟ್ಟತೇನು?" ಅಂದಳು. "ನಾಕು ದಿನ ಸುಡತೀನಿ, ಸುಮ್ಮನ ನೋಡು," ಅಂದೆ. ಬೆಂಕಿಯಲ್ಲಿ ಬೀಜ ಚಟಚಟ ಸಿಡಿಯುವುದು ಕೇಳಿಸಿತು.

ಮಗ ಔಷಧ ಹೊಡೆಯುವಾಗ ಹಾಕುವ ರಬ್ಬರ್ ಬೂಟು ಇತ್ತು. ನಲ್ಲಿಯ ಕೆಳಗೆ ಹಿಡಿದು ಅಟ್ಟೆಯನ್ನು ಬ್ರಷ್‌ನಿಂದ ತಿಕ್ಕಿದೆ. ಸಂದಿಸಂದಿಯನ್ನೂ ಪಿನ್ನಿನಿಂದ ಕೆದಕಿದೆ. ಚಪ್ಪಲಿ ಬಿಡುವ ಬದಲು ತೊಳೆದುಕೊಂಡು ಹೋಗಬಹುದಿತ್ತು. ಇಷ್ಟು ಸಣ್ಣ ಮಾತು ಅಷ್ಟು ಬೀಜ ಬಲ್ಲ ಮನುಷ್ಯನ ತಲೆಗೆ ಬರಲಿಲ್ಲ, ನನ್ನ ತಲೆಗೂ ಆತನನ್ನು ಮಣ್ಣು ಮಾಡಿ ಬರುವ ತನಕ ಬರಲಿಲ್ಲ. ಬೂಟು ಹಾಕಿಕೊಂಡು, ಆತನ ಹಾರೆ ಹೆಗಲಿಗಿಟ್ಟು, ನೀರು ದಾಟಿದೆ.

ನನ್ನ ಚೀಲದ ಸಾಲಿನಿಂದಲೇ ಶುರು ಮಾಡಿದೆ. ಬಿಸಿಲು ಏರುವ ಹೊತ್ತಿಗೆ ಒಂದು ಗಂಟು ಮೇಲೆ ಬಂತು. ಅದನ್ನು ಬಿಸಿಲಿಗೆ ಬೇರು ಮೇಲಾಗಿ ಒಗೆದು, ಪಕ್ಕದ್ದಕ್ಕೆ ಹಾರೆ ಹಾಕಿದೆ.